ತಿದ್ದುವುದು, ತೀಡುವುದು

ಮೊಮ್ಮಗಳು ಬರೆದ ಹೂಜಿಯ ಚಿತ್ರ ನೋಡಿ ಓದುಗರೊಬ್ಬರು ‘ಈ ಗೆರೆ ಇನ್ನೊಂದು ಸಲ ತಿದ್ದಮ್ಮ’ ಎಂದರಂತೆ. ಮಗು ರಬ್ಬರ್ ತಗೊಂಡು ಹೂಜಿಯನ್ನೇ ಅಳಿಸಿಬಿಟ್ಟಿತು. ‘ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?’ ಎಂದು ಪತ್ರ ಬರೆದು ಕೇಳಿದ್ದಾರೆ. ಅವರದೂ ತಪ್ಪಿಲ್ಲ, ಮಗುವಿನದೂ ತಪ್ಪಿಲ್ಲ. ‘ತಿದ್ದು’ ಎಂಬ ಮಾತಿನ ಅರ್ಧ ಆಯುಸ್ಸನ್ನು ಕಿತ್ತುಕೊಂಡವರು ನಡುವಿನ ತಲೆಮಾರಿನ ನಾವು.

ಈಗ ತಿದ್ದುವುದು ಎಂದರೆ ತಪ್ಪನ್ನು ಸರಿಪಡಿಸುವುದು, ಅಷ್ಟೇ. ಪಹಣಿಯಲ್ಲಿ ತಿದ್ದುಪಡಿ, ಆಧಾರ್ ಕಾರ್ಡಿನಲ್ಲಿ ತಿದ್ದುಪಡಿ, ಸಂವಿಧಾನಕ್ಕೆ ತಿದ್ದುಪಡಿ. ಕಚೇರಿಯ ಕಿಟಕಿಯ ಮುಂದೆ ನಿಂತೂ ನಿಂತೂ ಮಾತಿಗೆ ಕಚೇರಿಯ ವಾಸನೆ ಹತ್ತಿದೆ. ಆದರೆ ಅಕ್ಷರ ತಿದ್ದುತ್ತಿದ್ದ ಕಾಲವನ್ನು ನೆನೆಯಿರಿ. ಸ್ಲೇಟಿನ ಮೇಲೆ ಮೇಷ್ಟ್ರು ‘ಅ’ ಬರೆದುಕೊಡುತ್ತಿದ್ದರು. ಆ ಅಕ್ಷರದಲ್ಲಿ ಯಾವ ತಪ್ಪೂ ಇರುತ್ತಿರಲಿಲ್ಲ. ಅದರ ಮೇಲೇ ಬಳಪ ಆಡಿಸುತ್ತ ಹೋದಂತೆ ಅಕ್ಷರ ದಪ್ಪವಾಗಿ, ಮೇಷ್ಟ್ರ ಗೆರೆ ನಮ್ಮ ಗೆರೆಗಳಡಿ ಮುಚ್ಚಿಹೋಗುತ್ತಿತ್ತು. ಅದು ತಿದ್ದುವುದು. ಕನ್ನಡಿಯ ಮುಂದೆ ನಿಂತು ಹಣೆಗೆ ಕುಂಕುಮ ತಿದ್ದಿಕೊಳ್ಳುವವಳು ಯಾವ ತಪ್ಪನ್ನು ಸರಿಪಡಿಸುತ್ತಾಳೆ, ಹೇಳಿ.

‘ತಿದ್ದಿ ತೀಡು’ ಎಂಬ ಜೋಡಿಯ ಬಗ್ಗೆ ನನ್ನದೊಂದು ವಾದವಿದೆ. ಮಕ್ಕಳನ್ನು ತಿದ್ದಿ ತೀಡಿ ಬೆಳೆಸಿದರು ಎನ್ನುವಾಗ, ತೀಡು ಎಂಬುದು ಪ್ರಾಸಕ್ಕೆ ಬಂದು ಸೇರಿಕೊಂಡ ಬಾಲವೆಂದು ಹಲವರ ಎಣಿಕೆ. ನಾನು ಒಪ್ಪುವುದಿಲ್ಲ. ಈ ಜೋಡಿ ಚಿತ್ರ ಬರೆಯುವವರ ಕೈಯಿಂದ ಬಂದದ್ದು. ತಿದ್ದು ಗೆರೆಗೆ, ತೀಡು ನೆರಳಿಗೆ. ಮೀಸೆ ತೀಡುತ್ತೇವೆ, ಹುಬ್ಬು ತೀಡುತ್ತೇವೆ, ಕಣ್ಣಿಗೆ ಕಾಡಿಗೆ ತೀಡುತ್ತೇವೆ, ತಂಗಾಳಿಯೂ ತೀಡುತ್ತದೆ. ಎಲ್ಲದರಲ್ಲೂ ಹಗುರಾಗಿ, ಒಂದೇ ದಿಕ್ಕಿಗೆ ಮತ್ತೆ ಮತ್ತೆ ಸವರಿಹೋಗುವ ನಡೆ ಇದೆ. ಪಕ್ಕದ ಮನೆಯ ಸಾಕ್ಷಿಯೂ ಉಂಟು. ತಮಿಳರ ‘ತೀಟ್ಟು’ ಕತ್ತಿ ಮಸೆಯುವುದಕ್ಕೂ ಆಗುತ್ತದೆ, ಕಣ್ಣಿಗೆ ಕಪ್ಪು ಹಚ್ಚುವುದಕ್ಕೂ ಆಗುತ್ತದೆ, ಚಿತ್ರ ಬರೆಯುವುದಕ್ಕೂ ಅದೇ ಮಾತು. ತೆಲುಗರ ‘ದಿದ್ದು’ ಅಕ್ಷರಕ್ಕೂ ಬೊಟ್ಟಿಗೂ ನಮ್ಮ ತಿದ್ದುವಿನಂತೆಯೇ ಸಲ್ಲುತ್ತದೆ. ಧಾತು ಹುಡುಕುವ ಕೆಲಸ ನಿಘಂಟುಕಾರರದು. ಕೈ ಏನು ಮಾಡುತ್ತದೆ ಎಂಬುದಷ್ಟೇ ನನಗೆ ಮುಖ್ಯ.

ಗೆರೆಯ ಪಾಠ ಎರಡು ಚುಕ್ಕಿಗಳಿಂದ ಶುರುವಾಗುತ್ತದೆ. ಸ್ಕೇಲ್ ಇಲ್ಲದೆ ಅವನ್ನು ಕೂಡಿಸಬೇಕು. ಗಿಡ್ಡ ಗೆರೆಗೆ ಮಣಿಕಟ್ಟು ಸಾಕು, ಉದ್ದದ್ದಕ್ಕೆ ಮೊಣಕೈ, ಭುಜ ತಿರುಗಬೇಕು. ಕಣ್ಣು ಪೆನ್ಸಿಲ್ಲಿನ ತುದಿಯಲ್ಲಿದ್ದರೆ ಗೆರೆ ನಡುಗುತ್ತದೆ. ತಲುಪಬೇಕಾದ ಚುಕ್ಕಿಯಲ್ಲಿದ್ದರೆ ನೆಟ್ಟಗೆ ಹೋಗುತ್ತದೆ. ಕಾಗದ ಮುಟ್ಟುವ ಮೊದಲು ಗಾಳಿಯಲ್ಲೇ ಒಂದೆರಡು ಸಲ ಕೈ ಆಡಿಸಿಕೊಳ್ಳಬೇಕು. ಗೆರೆ ವಾರೆಯಾಯಿತೇ, ಅಳಿಸಬಾರದು. ಅದರ ಪಕ್ಕದಲ್ಲೇ ಸರಿಯಾದದ್ದನ್ನು ಎಳೆಯಬೇಕು. ಎಷ್ಟು ತಪ್ಪಿದೆ, ಯಾವ ಕಡೆಗೆ ವಾಲಿದೆ ಎಂದು ಹೇಳಬಲ್ಲದ್ದು ಆ ಮೊದಲ ಗೆರೆಯೊಂದೇ. ಅದನ್ನು ಅಳಿಸಿದವರು ಅಳತೆಗೋಲನ್ನೇ ಕಳೆದುಕೊಂಡಂತೆ.

ನೆರಳಿನ ಪಾಠಕ್ಕೆ ಒಂದು ಕೋಳಿಮೊಟ್ಟೆ, ಒಂದು ಕಿಟಕಿ ಸಾಕು. ಪೆನ್ಸಿಲ್ಲಿನಲ್ಲಿ 2ಬಿ, 4ಬಿ, 6ಬಿ ಎಂದು ಏರಿದಂತೆ ಜೇಡಿ ಕಡಿಮೆಯಾಗಿ ಗ್ರಾಫೈಟ್ ಹೆಚ್ಚುತ್ತದೆ, ಗುರುತು ಮೆತ್ತಗೆ, ಕಪ್ಪಗೆ ಬೀಳುತ್ತದೆ. ಮೊಟ್ಟೆಯ ಅತಿ ಕಪ್ಪು ಜಾಗ ಅದರ ಅಂಚಿನಲ್ಲಿದೆ ಎಂದು ಹೊಸಬರು ನಂಬುತ್ತಾರೆ. ದಿಟ್ಟಿಸಿ ನೋಡಿದರೆ ಅದು ಅಂಚಿನಿಂದ ಸ್ವಲ್ಪ ಒಳಗಿದೆ. ಮೇಜಿನಿಂದ ಚಿಮ್ಮಿದ ಬೆಳಕು ಅಂಚನ್ನು ಮುಟ್ಟಿ ತುಸು ತಿಳಿಯಾಗಿಸಿರುತ್ತದೆ. ಆ ತಿಳಿಯನ್ನು ಉಳಿಸಿಕೊಂಡರೆ ಮೊಟ್ಟೆ ಗುಂಡಗಾಗುತ್ತದೆ. ಬಿಟ್ಟರೆ ಚಪ್ಪಟೆ ಬಿಲ್ಲೆ. ಬೆರಳಿನಿಂದ ಉಜ್ಜಿ ನೆರಳು ಮಾಡುವ ಚಾಳಿ ಮೊದಲೇ ಬಿಡಬೇಕು. ತೀಡಬೇಕಾದ್ದು ಪೆನ್ಸಿಲ್ಲಿನಿಂದ, ಗೆರೆಯ ಪಕ್ಕ ಗೆರೆಯಿಟ್ಟು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಹೀಗೆ ನೆರಳು ತೀಡುವುದಕ್ಕೆ ‘ವರ್ತನ’ ಎಂದು ಹೆಸರಿಟ್ಟು ಮೂರು ಬಗೆ ಹೇಳುತ್ತದೆ: ಎಲೆಯಂತೆ ಹಾಯುವ ಗೆರೆಗಳದು, ಬಲು ಸೂಕ್ಷ್ಮವಾದದ್ದು, ಚುಕ್ಕಿಗಳದು. ಆಚಾರ್ಯರು ಮೆಚ್ಚುವುದು ಗೆರೆಯನ್ನು, ವಿಚಕ್ಷಣರು ಮೆಚ್ಚುವುದು ವರ್ತನವನ್ನು ಎಂಬ ಎಣಿಕೆಯೂ ಅದರಲ್ಲಿದೆ. ತಿದ್ದಿ ತೀಡು ಎನ್ನುವಾಗ ನಾವು ಅದೇ ಕ್ರಮ ಹಿಡಿದಿದ್ದೇವೆ. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರೂ ಮೊದಲು ಸುಟ್ಟ ಹುಣಸೆಕಡ್ಡಿಯ ಇದ್ದಿಲಿನಿಂದ ಆಕಾರ ಎಳೆದುಕೊಂಡು, ಬಣ್ಣ ಆಮೇಲೆ ಮುಟ್ಟುತ್ತಿದ್ದರು.

ಅಭ್ಯಾಸದ ಮಾತು ಬಂದಾಗೆಲ್ಲ ‘ಹಾಡ್ತಾ ಹಾಡ್ತಾ ರಾಗ’ ಎಂದು ಹೇಳಿ ನಿಲ್ಲಿಸಿಬಿಡುತ್ತೇವೆ. ಗಾದೆ ಅಲ್ಲಿಗೆ ಮುಗಿಯುವುದಿಲ್ಲ. ‘ಉಗುಳ್ತಾ ಉಗುಳ್ತಾ ರೋಗ’ ಎಂಬ ಇನ್ನರ್ಧವಿದೆ. ಎಂಥ ಜಾಣ ಗಾದೆ ಇದು! ಹಾಡಿದರೆ ರಾಗ ಎನ್ನುವುದಿಲ್ಲ, ಹಾಡಿ ಮುಗಿಸಿದ ಮೇಲೆ ರಾಗ ಎಂದೂ ಹೇಳುವುದಿಲ್ಲ. ಹಾಡು ನಡೆದಿರುವಾಗಲೇ ಅದರೊಳಗಿಂದ ರಾಗ ಬಲಿಯುತ್ತದೆ. ಅದೇ ವ್ಯಾಕರಣದಲ್ಲಿ, ಅದೇ ಲಯದಲ್ಲಿ ರೋಗವೂ ಬಲಿಯುತ್ತದೆ. ಮತ್ತೆ ಮತ್ತೆ ಮಾಡುವುದಕ್ಕೆ ಒಳಿತು ಕೆಡುಕು ಗೊತ್ತಿಲ್ಲ ಎಂದು ನಮ್ಮ ಹಿರಿಯರು ಖಚಿತವಾಗಿ ಕಂಡಿದ್ದರು. ಕೂದಲು ಕೂದಲಾದ, ಕೆರೆದಂಥ ಗೆರೆಗಳಲ್ಲಿ ನೂರು ಹಾಳೆ ತುಂಬಿಸಿದ ಕೈ ಕೊನೆಗೆ ಕೆರೆಯುವುದನ್ನೇ ಕಲಿತಿರುತ್ತದೆ. ಗಾದೆಯ ಎರಡನೆಯ ಅರ್ಧವನ್ನು ಮರೆತವರು ‘ಪ್ರಾಕ್ಟೀಸ್ ಮಾಡು, ಬರುತ್ತೆ’ ಎಂದು ಮಕ್ಕಳಿಗೆ ಹೇಳಿ ಪಕ್ಕಕ್ಕೆ ಸರಿದುಬಿಡುತ್ತಾರೆ. ಏನು ಬರುತ್ತದೆ ಎಂದು ನೋಡಲು ನಿಲ್ಲುವುದಿಲ್ಲ.

ಇಲ್ಲಿಯೇ ತಿದ್ದು ಎಂಬ ಮಾತಿನ ಬೆಲೆ ತಿಳಿಯುವುದು. ಮತ್ತೆ ಮಾಡುವುದು, ಸರಿ ಮಾಡುವುದು ಎರಡನ್ನೂ ಅದು ಒಂದೇ ಕೆಲಸವೆಂದು ಹಿಡಿದಿದೆ. ಪ್ರತಿ ಸುತ್ತಿನಲ್ಲೂ ಕಣ್ಣು ನೋಡಬೇಕು, ಕೈ ಒಂದಿಷ್ಟು ಹತ್ತಿರ ಸರಿಯಬೇಕು. ‘ಪ್ರಾಕ್ಟೀಸ್’ನಲ್ಲಿ ಈ ಕಣ್ಣಿಲ್ಲ, ‘ಕರೆಕ್ಷನ್’ನಲ್ಲಿ ಈ ತಾಳ್ಮೆಯಿಲ್ಲ. ತಿದ್ದಿಸುವುದೆಂದರೆ ನಕಲು ಮಾಡಿಸುವುದು, ಅದರಿಂದ ಮಕ್ಕಳ ಸ್ವಂತಿಕೆ ಸಾಯುತ್ತದೆ ಎನ್ನುವವರಿದ್ದಾರೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಅವರು ನೋಡಲಿ. ಕುಣಿಯುವ ಮೈಯೊಂದು ಕೆಲವೇ ಗೆರೆಗಳಲ್ಲಿ ಎದ್ದು ನಿಲ್ಲುತ್ತದೆ. ಪಳಗದ ಕೈಯಿಂದ ಅಂಥ ಬಿಡುಬೀಸು ಗೆರೆ ಹೊರಡುವುದಿಲ್ಲ.

ಚಿತ್ರ ಕಲಿಸುವ ತರಗತಿಗಳಲ್ಲಿ ಈಗ ಮಕ್ಕಳು ‘ಡ್ರಾ ಮಾಡ್ತಾರೆ’, ‘ಶೇಡ್ ಕೊಡ್ತಾರೆ’. ಸ್ಕೆಚ್ ಎಂಬ ಮಾತನ್ನಂತೂ ಸಿನಿಮಾದ ರೌಡಿಗಳು ಒಯ್ದಿದ್ದಾರೆ; ಕನ್ನಡದಲ್ಲಿ ‘ಸ್ಕೆಚ್ ಹಾಕಿದ’ ಎಂದರೆ ಯಾರನ್ನೋ ಮುಗಿಸಲು ಹೊಂಚಿದ ಎಂದೇ ಅರ್ಥ. ಪೆನ್ಸಿಲ್, ರಬ್ಬರ್ ಹೊರಗಿನಿಂದ ಬಂದ ಸಾಮಾನು, ಹೆಸರೂ ಹಾಗೇ ಇರಲಿ. ಆದರೆ ಕೈ ನಮ್ಮದು, ಅದು ಮಾಡುವ ಕೆಲಸಕ್ಕೆ ನಮ್ಮಲ್ಲಿ ಹೆಸರಿದೆ. ಬೇಸಿಗೆ ಶಿಬಿರ ನಡೆಸುವ ಚಿತ್ರಕಲಾ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ. ಮೊದಲ ವಾರ ಬೋರ್ಡಿನ ಮೇಲೆ ಎರಡೇ ಮಾತು ಬರೆದಿಡಿ: ತಿದ್ದು, ತೀಡು. ಗೆರೆ ಎಳೆಯುವಾಗ ಮೊದಲನೆಯದನ್ನು, ನೆರಳು ತುಂಬುವಾಗ ಎರಡನೆಯದನ್ನು ಬಾಯಿಬಿಟ್ಟು ಹೇಳಿ. ಕೈ ಎಷ್ಟು ಒತ್ತಬೇಕು, ಎಷ್ಟು ಸಲ ಹೋಗಬೇಕು, ಎಲ್ಲಿ ನಿಂತು ನೋಡಬೇಕು ಎಂಬುದರ ಮುಕ್ಕಾಲು ಪಾಠ ಆ ಕ್ರಿಯಾಪದಗಳಲ್ಲೇ ಅಡಗಿದೆ. ಉಳಿದ ಕಾಲು ಪಾಲು ಕಲಿಸಲು ನೀವಿದ್ದೀರಿ.