ಶಿಶು ಪರಿತ್ಯಾಗ: ಕಲಬುರಗಿ ಮತ್ತು ಕಮಲಾಪುರ

ಹೆತ್ತವರು ತೊರೆದ ಕೂಸಿಗೆ ಸಮಾಜದಲ್ಲಿ ಯಾವ ಸ್ಥಾನ ಎಂಬ ಪ್ರಶ್ನೆ ಕಲಬುರಗಿ ಸೀಮೆಯಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಚರ್ಚೆಗೆ ಬಂದಿತ್ತು. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಈಗಿನ ಕಲಬುರಗಿ ಜಿಲ್ಲೆಯ ಮರ್ತೂರು ಅವನ ಊರೆಂದು ಹೇಳುತ್ತಾರೆ. ಆ ಸ್ಮೃತಿಯಲ್ಲಿ ಎಣಿಸಿರುವ ಹನ್ನೆರಡು ಬಗೆಯ ಪುತ್ರರಲ್ಲಿ ‘ಅಪವಿದ್ಧ’ನೂ ಒಬ್ಬ: ತಂದೆತಾಯಿ ತೊರೆದ, ಬೇರೊಬ್ಬರು ಎತ್ತಿಕೊಂಡ ಮಗು. ಎತ್ತಿಕೊಂಡವನಿಗೇ ಅವನು ಮಗ. ಮದುವೆಯಾಗದ ಹೆಣ್ಣಿಗೆ ಹುಟ್ಟಿದ ‘ಕಾನೀನ’ನಿಗೂ ಆ ಪಟ್ಟಿಯಲ್ಲಿ ಜಾಗವಿದೆ. ಆದರೆ ಎತ್ತಿಕೊಳ್ಳುವವನು ಸವರ್ಣದವನೇ ಆಗಿರಬೇಕಿತ್ತು. ಹೆಣ್ಣುಕೂಸಿನ ಮಾತಂತೂ ಅಲ್ಲಿಲ್ಲ.

ಆ ಔದಾರ್ಯವೂ ಮುಂದೆ ಕಿರಿದಾಯಿತು. ನಂತರದ ಧರ್ಮಶಾಸ್ತ್ರ ಔರಸ (ಸ್ವಂತ) ಮತ್ತು ದತ್ತಕ (ದತ್ತು ಪಡೆದ) ಪುತ್ರರನ್ನಷ್ಟೇ ಉಳಿಸಿಕೊಂಡಿತು. ದತ್ತು ಕೊಡಲು ಹೆತ್ತವರೇ ಬೇಕು. ಹೆತ್ತವರಾರೆಂದು ಗೊತ್ತಿಲ್ಲದ ಕೂಸನ್ನು ಕೊಡುವವರು ಯಾರು? ಸಿಕ್ಕ ಮಗು ಮನೆಯಲ್ಲಿ ಉಂಡು ಬೆಳೆಯಬಹುದಿತ್ತು, ವಾರಸುದಾರನಾಗುವಂತಿರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಗೆ 1962ರಲ್ಲಿ ತಿದ್ದುಪಡಿಯಾದ ಮೇಲೆ, ತೊರೆದ ಮಗುವನ್ನು ನ್ಯಾಯಾಲಯದ ಅನುಮತಿ ಪಡೆದು ಪೋಷಕರು ದತ್ತು ಕೊಡುವುದು ಸಾಧ್ಯವಾಯಿತು. ಎಲ್ಲ ಧರ್ಮದವರಿಗೂ ಸಮಾನವಾಗಿ ದತ್ತಿನ ದಾರಿ ತೆರೆದದ್ದು 2000ದ ಬಾಲನ್ಯಾಯ ಕಾಯ್ದೆ. ಬಂದೇ ನವಾಜ್ ದರ್ಗಾ ಮತ್ತು ಶರಣಬಸವೇಶ್ವರ ಗುಡಿ ಎರಡೂ ಇರುವ ಕಲಬುರಗಿಗೆ ಇದು ಸಣ್ಣ ಬದಲಾವಣೆಯಲ್ಲ.

ಶಿಕ್ಷೆಯ ಚರಿತ್ರೆ ಬೇರೆ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಪ್ರದೇಶಕ್ಕೆ ಭಾರತೀಯ ದಂಡ ಸಂಹಿತೆ ಬಂದದ್ದು 1951ರಲ್ಲಿ. ಹನ್ನೆರಡು ವರ್ಷದೊಳಗಿನ ಮಗುವನ್ನು ಬಿಟ್ಟುಹೋದ ತಂದೆತಾಯಿಗೆ ಅದರ 317ನೇ ಕಲಮು ಏಳು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 93ನೇ ಕಲಮು ಅದರ ಸ್ಥಾನದಲ್ಲಿದೆ. ಕಲಮು ಇಬ್ಬರಿಗೂ ಅನ್ವಯಿಸಿದರೂ ಹೆರಿಗೆಯ ಗುರುತು ಉಳಿಯುವುದು ಹೆಣ್ಣಿನ ಮೈಮೇಲೆ. ಗಂಡಸು ಸುಲಭವಾಗಿ ಮರೆಯಾಗುತ್ತಾನೆ. 2015ರ ಬಾಲನ್ಯಾಯ ಕಾಯ್ದೆ ಈ ಅನ್ಯಾಯವನ್ನು ಕೊಂಚ ಸರಿಪಡಿಸಿತು: ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ತೊರೆದವರಿಗೆ ಆ ಕಾಯ್ದೆಯ ದಂಡನೆ ತಗಲುವುದಿಲ್ಲ. ಸಾಕಲಾಗದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ಮರಳಿ ಪಡೆಯಲು ಎರಡು ತಿಂಗಳ ಅವಕಾಶವಿದೆ.

ತಮಿಳುನಾಡು 1992ರಲ್ಲಿ ಸೇಲಂನಲ್ಲಿ, ಸಾಕಲಾಗದ ಕೂಸನ್ನು ಬಿಟ್ಟುಹೋಗಲು ತೊಟ್ಟಿಲು ಇಡುವ ಯೋಜನೆ ಆರಂಭಿಸಿತು. ಕರ್ನಾಟಕದಲ್ಲಿ ಇಂಥ ತೊಟ್ಟಿಲಿಗೆ ‘ಮಮತೆಯ ತೊಟ್ಟಿಲು’ ಎಂಬ ಹೆಸರಿದೆ. ಕೂಸು ಮುಳ್ಳುಕಂಟಿಯ ಪಾಲಾಗುವುದಕ್ಕಿಂತ ತೊಟ್ಟಿಲು ಸಾವಿರ ಪಾಲು ಮೇಲು. ಆದರೂ ಅದು ಕೊನೆಯ ಆಸರೆ. ಅಷ್ಟರಲ್ಲಿ ಬಸುರಿಯ ಒಂಬತ್ತು ತಿಂಗಳು ಒಂಟಿಯಾಗಿ ಕಳೆದುಹೋಗಿರುತ್ತವೆ.

ಕಲಬುರಗಿ ಜಿಲ್ಲೆಯ ಕಮಲಾಪುರ ಈ ಒಂಟಿತನವನ್ನು ಚೆನ್ನಾಗಿ ತೋರಿಸುತ್ತದೆ. ಕೆಂಪು ಬಾಳೆಗೆ ಹೆಸರಾದ, ಹುಮನಾಬಾದ್ ರಸ್ತೆಯ ಈ ಊರು ಹೊಸ ತಾಲ್ಲೂಕು ಕೇಂದ್ರ. ಸುತ್ತಲೂ ಹಳ್ಳಿ, ಲಂಬಾಣಿ ತಾಂಡಾಗಳು. ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋಗುವ ಕುಟುಂಬಗಳಿವೆ. ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದೊಡ್ಡ ಆಸ್ಪತ್ರೆ ಎಲ್ಲವೂ ಇರುವುದು ಕಲಬುರಗಿ ನಗರದಲ್ಲಿ. ತಾಂಡಾದಲ್ಲಿ ನಿಜವಾಗಿ ಬಾಗಿಲು ತಟ್ಟುವವರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಬಸುರಿಯರ ನೋಂದಣಿಯ ತಾಯಿ ಕಾರ್ಡ್ ಬರೆಸಲು ಹಿಂಜರಿಯುವ ಹುಡುಗಿಯನ್ನು ಮೊದಲು ಗುರುತಿಸಬಲ್ಲವರು ಅವರೇ. ಹದಿನೆಂಟರೊಳಗಿನವಳು ಬಸುರಾದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಆ ಭಯಕ್ಕೇ ಮನೆಯವರು ಆಸ್ಪತ್ರೆಯಿಂದ ದೂರ ಉಳಿಯುತ್ತಾರೆ. ಕಾನೂನುಬದ್ಧ ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದರೆ ವೈದ್ಯರು ಆಕೆಯ ಗುರುತು ಬಹಿರಂಗಪಡಿಸಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಈ ಮಾತು ಊರೂರಿಗೆ ಮುಟ್ಟಬೇಕು.

ನೆರೆಯ ತೆಲಂಗಾಣ ಭಾಗದಲ್ಲಿ 1999 ಮತ್ತು 2001ರಲ್ಲಿ ಬಯಲಾದ ದತ್ತು ಹಗರಣ ಮತ್ತೊಂದು ಅಪಾಯ ತೋರಿಸಿತು: ದಲ್ಲಾಳಿಗಳು ಬಡ ಲಂಬಾಡ ಕುಟುಂಬಗಳ ಕೂಸುಗಳನ್ನು ಕೊಂಡು ವಿದೇಶಿ ದತ್ತಿಗೆ ಸಾಗಿಸಿದ್ದರು. ಆದ್ದರಿಂದ ಸಿಕ್ಕ ಕೂಸನ್ನು ಕರುಣೆಯಿಂದಲೇ ಆದರೂ ನೇರವಾಗಿ ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಬೆಚ್ಚಗೆ ಸುತ್ತಿ ಆಸ್ಪತ್ರೆಗೆ ಒಯ್ದು, 1098ಕ್ಕೆ ಅಥವಾ ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸಬೇಕು. ಸಮಿತಿ ಹೆತ್ತವರನ್ನು ಹುಡುಕಿಸುತ್ತದೆ. ಸಿಗದಿದ್ದರೆ, ಎರಡು ವರ್ಷದೊಳಗಿನ ಕೂಸನ್ನು ಎರಡು ತಿಂಗಳಲ್ಲಿ ದತ್ತಿಗೆ ಮುಕ್ತವೆಂದು ಘೋಷಿಸುತ್ತದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ.