ಮುಕ್ತದ ಮಗ್ಗುಲಲ್ಲಿ ಮುಚ್ಚಿದ್ದು

ಬಸವನ ಬಾಗೇವಾಡಿ ಸೀಮೆಯ ಇಂಗಳೇಶ್ವರ ಬಸವಣ್ಣನ ತಾಯಿ ಮಾದಲಾಂಬಿಕೆಯ ತವರೆಂದು ಹೆಸರಾದ ಊರು. ಅಲ್ಲೊಂದು ವಚನ ಶಿಲಾಮಂಟಪವಿದೆ. ಕಲ್ಲಿನಲ್ಲಿ ಕೆತ್ತಿದ ವಚನಗಳನ್ನು ಅಕ್ಷರ ಬಲ್ಲ ಯಾರು ಬೇಕಾದರೂ ನಿಂತು ಓದಬಹುದು, ಬರೆದುಕೊಂಡು ಹೋಗಬಹುದು. ಅದೇ ವಚನವನ್ನು ಲಗ್ನಪತ್ರಿಕೆಯ ತಲೆಗೆ ಬೇಕೆಂದು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಸಿ, ಆ ಫೈಲನ್ನು ನುಡಿ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಕನ್ನಡ’ ಎಂಬ ಮೂರಕ್ಷರ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಬೆನ್ನಿಗೆ ನೆತ್ತಿಯ ಮೇಲೆ ಗೀರು ಹೊತ್ತ ಎ, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ, ನ ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಜೋಡಿ ಎಸ್ಸು ಕೂತಿರುತ್ತವೆ.

ಇದಕ್ಕೆ ತಕ್ಷಣದ ಕಾರಣ ಹಳೆಯ ಅಕ್ಷರ ಸಂಕೇತ. ಅದರ ಹಿಂದಿರುವ ಪ್ರಶ್ನೆ ಇನ್ನೂ ಹಳೆಯದು. ಅಂಗಡಿಯ ಕಂಪ್ಯೂಟರಿನಲ್ಲಿ ವಿಎಲ್‌ಸಿ, ಫೈರ್‌ಫಾಕ್ಸ್‌ನಂಥ ಮುಕ್ತ ತಂತ್ರಾಂಶಗಳೂ ಇರುತ್ತವೆ, ವಿಂಡೋಸ್, ಪೇಜ್‌ಮೇಕರ್, ಫೋಟೋಶಾಪ್‌ನಂಥ ಸ್ವಾಮ್ಯದವೂ ಇರುತ್ತವೆ. (ಎರಡನೆಯ ಗುಂಪಿನಲ್ಲಿ ಎಷ್ಟಕ್ಕೆ ದುಡ್ಡು ಕೊಟ್ಟಿದ್ದೀರಿ ಎಂದು ಅಂಗಡಿಯವರನ್ನು ಕೇಳುವುದು ಮರ್ಯಾದೆಯಲ್ಲ.) ಯಾವುದು ಯಾವ ಗುಂಪಿನದೆಂದು ಗಿರಾಕಿಗೆ ಗೊತ್ತಿರುವುದಿಲ್ಲ. ಹೀಗೆ ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸುವುದು ಸರಿಯೇ? ನಲವತ್ತು ವರ್ಷಗಳ ಈ ಚರ್ಚೆ ತಂತ್ರಾಂಶದ ಮಡಿಮೈಲಿಗೆಯ ಸುತ್ತಲೇ ತಿರುಗಿದೆ. ಕೊಡುತ್ತಿರುವವರು ಯಾರು, ಪಡೆಯುವವರಿಗೆ ಬೇಡವೆನ್ನುವ ದಾರಿ ಇದೆಯೇ ಎಂಬುದನ್ನು ಮೊದಲು ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು. ಬಳಸುವ, ಒಳಗನ್ನು ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಇಲ್ಲದ ತಂತ್ರಾಂಶವನ್ನು ಕೊಡುವುದಿರಲಿ, ಶಿಫಾರಸು ಮಾಡುವುದೂ ತಪ್ಪು ಎಂಬುದು ಅವರ ಮತ. ಆದರೆ ಗ್ನುವಿನ ಮೊದಲ ಸಾಲುಗಳನ್ನು ಬರೆದದ್ದು ಸ್ವಾಮ್ಯದ ಯುನಿಕ್ಸ್ ಯಂತ್ರಗಳ ಮೇಲೆಯೇ. ಅದರ ಬದಲಿಯನ್ನು ಕಟ್ಟುವುದಕ್ಕಾಗಿ ಅದನ್ನೇ ಬಳಸಿದೆವು ಎಂದು ಅವರು ಸಮರ್ಥಿಸಿಕೊಂಡಿದ್ದಾರೆ. ಈ ಸಮರ್ಥನೆ ನನಗೆ ಒಪ್ಪಿಗೆ. ಆದರೆ ಅದು ಗ್ನು ಬರೆಯುವವರಿಗೆ ಸಲ್ಲುವುದಾದರೆ ಬಾಗೇವಾಡಿಯ ಡಿಟಿಪಿಯವರಿಗೂ ಸ್ವಲ್ಪ ಸಲ್ಲಬೇಕು.

ನಿಜವಾದ ಜಗಳ 1996ರಲ್ಲಿ ಶುರುವಾಯಿತು. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಗೆ ಚೆಂದದ ಮೇಜುಪರದೆ ಕೊಡಲು ಹೊರಟ ಕೆಡಿಇ ಯೋಜನೆ, ಆಗ ಮುಕ್ತವಾಗಿರದ ಕ್ಯೂಟಿ ಎಂಬ ಸಲಕರಣೆಯ ಮೇಲೆ ನಿಂತಿತ್ತು. ಒಪ್ಪದವರು 1997ರಲ್ಲಿ ಗ್ನೋಮ್ ಆರಂಭಿಸಿದರು. ಆ ಪೈಪೋಟಿಯ ನಡುವೆ, 2000ದಲ್ಲಿ, ಕ್ಯೂಟಿಯೇ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಂತು. ಹಟ ಹಿಡಿದವರಿಂದ ಎಲ್ಲರಿಗೂ ಲಾಭವಾದ ಪ್ರಸಂಗ ಇದು. ಹಟವನ್ನು ಹುಚ್ಚೆಂದು ತಳ್ಳಿಹಾಕುವವರು ಇದನ್ನು ಮರೆಯುತ್ತಾರೆ.

ಅದೇ 1997ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ತನ್ನ ‘ಸಾಮಾಜಿಕ ಒಪ್ಪಂದ’ವನ್ನು ಪ್ರಕಟಿಸಿ ನಡುದಾರಿ ಹಿಡಿಯಿತು. ಮುಕ್ತವಾದದ್ದಷ್ಟೇ ಡೆಬಿಯನ್, ಮುಚ್ಚಿದ್ದು ಬೇಕಾದವರಿಗೆ ಬೇರೆ ವಿಭಾಗ, ಅದರ ಮೇಲೆ ಸ್ಪಷ್ಟ ಹೆಸರು. ಈ ವಿಭಾಗವನ್ನು ಇಟ್ಟುಕೊಂಡದ್ದಕ್ಕೇ ಫೌಂಡೇಶನ್ ಡೆಬಿಯನ್ನಿಗೆ ತನ್ನ ಮೊಹರು ಒತ್ತಲಿಲ್ಲ. 2004ರಲ್ಲಿ ಬಂದ ಉಬುಂಟು ಎಂಬ ಇನ್ನೊಂದು ಲಿನಕ್ಸ್ ಇಷ್ಟು ತಲೆಕೆಡಿಸಿಕೊಳ್ಳದೆ ಯಂತ್ರ ನಡೆಯಲು ಬೇಕಾದ ಡ್ರೈವರುಗಳನ್ನು ಕೈಗೆ ಸಿಗುವಂತಿಟ್ಟಿತು. ಕೊನೆಗೆ ಡೆಬಿಯನ್ ಕೂಡ ಬಾಗಬೇಕಾಯಿತು. ಹೊಸ ಲ್ಯಾಪ್‌ಟಾಪ್‌ಗಳ ವೈಫೈ ಚಿಪ್ಪುಗಳು ಮುಚ್ಚಿದ ಫರ್ಮ್‌ವೇರ್ ಇಲ್ಲದೆ ಉಸಿರಾಡುವುದಿಲ್ಲ, ವೈಫೈ ಇಲ್ಲದೆ ಆ ಫರ್ಮ್‌ವೇರ್ ಇಳಿಸಿಕೊಳ್ಳುವುದೂ ಕಷ್ಟ. 2022ರಲ್ಲಿ ಸದಸ್ಯರು ಅದನ್ನು ಸೇರಿಸಲು ಮತ ಹಾಕಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯ ಅಧಿಕೃತ ಪ್ರತಿಯಲ್ಲೇ ಫರ್ಮ್‌ವೇರ್ ಸೇರಿತು. ಅದನ್ನು ಬಳಸುತ್ತಿರುವುದಾಗಿ ತಿಳಿಸುವ, ಬೇಡವೆಂದರೆ ತಡೆಯುವ ವ್ಯವಸ್ಥೆಯೂ ಜೊತೆಗಿದೆ. ಮೊದಲು ಹುಡುಕಿಕೊಂಡು ಹೋಗಿ ತರಬೇಕಿದ್ದದ್ದು ಈಗ ತಾನಾಗಿ ಬರುತ್ತದೆ, ಇದು ಸಣ್ಣ ಬದಲಾವಣೆಯಲ್ಲ. ಆದರೂ ಹೇಳಿ ಕೊಡುತ್ತಾರೆ ಎಂಬುದು ಡೆಬಿಯನ್ನಿನ ಹೆಚ್ಚುಗಾರಿಕೆ.

ಕನ್ನಡದ ಕತೆಯಲ್ಲಿ ಈ ಹೇಳಿ ಕೊಡುವ ಮಾತೇ ಇರಲಿಲ್ಲ. ಕೆ.ಪಿ. ರಾವ್ ರೂಪಿಸಿದ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ ಎಲ್ಲರದ್ದಾಯಿತು, ಮುಂದೆ ಸರ್ಕಾರ ಒಪ್ಪಿದ ವಿನ್ಯಾಸಕ್ಕೂ ಅದೇ ಬುನಾದಿ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂತು. ದುಡ್ಡಿಲ್ಲದೆ ಸಿಕ್ಕಿತು, ಅಮೆರಿಕದ ಕನ್ನಡಿಗರ ಮನೆಯಿಂದ ಹಿಡಿದು ಹಳ್ಳಿಯ ಝೆರಾಕ್ಸ್ ಅಂಗಡಿವರೆಗೂ ಹರಡಿತು. 10ನೇ ಆವೃತ್ತಿಯ ಹೊತ್ತಿಗೆ ಅದಕ್ಕೆ ಬೆಲೆ ಬಂತು. ಬರೆದವರಿಗೆ ಆ ಹಕ್ಕಿತ್ತು, ಅದರಲ್ಲಿ ತಪ್ಪು ಹುಡುಕುವುದು ಕೃತಘ್ನತೆ. ಆದರೆ ಪುಕ್ಕಟೆಯಾಗಿ ಸಿಕ್ಕಿದ್ದು ನಾಳೆಯೂ ಹಾಗೇ ಸಿಗುತ್ತದೆ ಎಂಬ ಭರವಸೆ ಯಾವ ಪರವಾನಗಿಯಲ್ಲೂ ಇರಲಿಲ್ಲ ಎಂಬುದು ಬಳಸುವವರಿಗೆ ಆಗ ಮನದಟ್ಟಾಯಿತು.

ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ವಿಷಯ ಬೇರೆ. ಅದರ ಹಿಂದೆ ಸರ್ಕಾರವಿತ್ತು. ಕಚೇರಿಗಳು ಅದನ್ನೇ ಒಪ್ಪಿಕೊಂಡವು. ಆರಂಭದ ವರ್ಷಗಳಲ್ಲಿ ಅದು ವಿಂಡೋಸ್ ಮೇಲೆ ಮಾತ್ರ ನಡೆಯುತ್ತಿತ್ತು, ಅದರ ಆಕರ ಸಂಕೇತ (ಸೋರ್ಸ್ ಕೋಡ್) ಜನರ ಕೈಗೆ ಬರಲಿಲ್ಲ. ಆದ್ದರಿಂದ ಪುಕ್ಕಟೆ ನುಡಿ ಬೇಕೆಂದರೆ ಪುಕ್ಕಟೆಯಲ್ಲದ ವಿಂಡೋಸ್ ಬೇಕಾಯಿತು, ಕಳ್ಳಪ್ರತಿಯಾದರೂ ಸರಿ. 2001ರ ಸುಮಾರಿಗೆ ಜಮೀನು ದಾಖಲೆಗಳ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಬಂದಾಗಲೂ ಅಡಿಪಾಯ ಮೈಕ್ರೋಸಾಫ್ಟ್‌ನದೇ. ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಹೊಲದ ಉತಾರ ತೆಗೆಸಿದ ರೈತನಿಗೆ ಅನುಕೂಲವಾದದ್ದು ನಿಜ. ಕೈಬರಹದ ಪಹಣಿಗಾಗಿ ಅಲೆದವರನ್ನು ಕೇಳಿದರೆ ಯಾರೂ ಹಳೆಯ ಕಾಲ ಬೇಡುವುದಿಲ್ಲ. ಆದರೆ ತನ್ನ ಹೊಲದ ದಾಖಲೆ ಯಾರ ತಂತ್ರಾಂಶದೊಳಗೆ ಕೂತಿದೆ ಎಂಬುದರಲ್ಲಿ ಅವನಿಗೆ ಆಯ್ಕೆ ಇರಲಿಲ್ಲ. ಡೆಬಿಯನ್ ಬೇಡವೆಂದವನು ಬೇರೆ ಲಿನಕ್ಸ್ ಹಾಕಿಕೊಳ್ಳಬಹುದು. ತಾಲ್ಲೂಕು ಕಚೇರಿ ಬೇಡವೆಂದವನು ಎಲ್ಲಿಗೆ ಹೋಗಬೇಕು?

ಲಿನಕ್ಸ್ ಕಡೆಯಲ್ಲಿ ಸದ್ದಿಲ್ಲದೆ ಕೆಲಸ ಸಾಗುತ್ತಿತ್ತು. ಕೇದಗೆ, ಮಲ್ಲಿಗೆ ಎಂಬ ಅಕ್ಷರಗಳು (ಫಾಂಟುಗಳು) ಡೆಬಿಯನ್ನಿಗೆ ಸೇರಿದವು, ರೆಡ್ ಹ್ಯಾಟ್‌ನಿಂದ ಲೋಹಿತ್ ಬಂತು, ಅರವಿಂದ ವಿ.ಕೆ. ಅವರು ಗುಬ್ಬಿ, ನವಿಲು ಅಕ್ಷರಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟರು. ನುಡಿ ಆಗ ಲಿನಕ್ಸ್‌ಗೆ ಬರದಿದ್ದರೂ ಅದರ ಕೀಲಿಮಣೆ ವಿನ್ಯಾಸ ಬಂತು. ಎಂ17ಎನ್ ಎಂಬ ಮುಕ್ತ ಸಂಗ್ರಹದಲ್ಲಿ ಇಂದಿಗೂ ಅದರ ಹೆಸರು ಕೆಜಿಪಿ, ಅಂದರೆ ಕನ್ನಡ ಗಣಕ ಪರಿಷತ್ತು. ರಾಜ್ಯ ಸರ್ಕಾರ 2012ರಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿತು. ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂಬ ನೀತಿ ತಂದಿತು, ವಿನಾಯಿತಿಯ ಬಾಗಿಲನ್ನೂ ತೆರೆದಿಟ್ಟಿತು.

ಶಾಲೆಗಳಲ್ಲಿ ಎರಡು ದಾರಿ ಕಂಡವು. ಕೇರಳ 2000ದ ದಶಕದಲ್ಲೇ ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ಲಿನಕ್ಸ್‌ಗೆ ಹೊರಳಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತರು. ಕರ್ನಾಟಕ ಆ ಹೊತ್ತಿಗೆ ಪ್ರೌಢಶಾಲೆಗಳ ಲ್ಯಾಬುಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುತ್ತಿತ್ತು. 2011ರಿಂದ ಶಿಕ್ಷಕರ ತರಬೇತಿಯ ಸರ್ಕಾರಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಿಂದ ಮೇಷ್ಟ್ರುಗಳ ಕೈಗೆ ಉಬುಂಟು ಬಂತು, ಜೊತೆಗೆ ಗಣಿತಕ್ಕೆ ಜಿಯೋಜೀಬ್ರಾ. ಇಲ್ಲೊಂದು ಸೂಕ್ಷ್ಮವಿದೆ. ಜಿಯೋಜೀಬ್ರಾದ ಆಕರ ಸಂಕೇತ ಆಗ ಜಿಪಿಎಲ್‌ನದಾಗಿತ್ತು. ಅದರ ಅನುಸ್ಥಾಪಕ ಮತ್ತು ಭಾಷಾ ಕಡತಗಳಿಗೆ ಮಾತ್ರ ವಾಣಿಜ್ಯ ಬಳಕೆ ಸಲ್ಲದೆಂಬ ಷರತ್ತಿತ್ತು. ಕನ್ನಡದ ಮೇಷ್ಟ್ರಿಗೆ ಬೇಕಾದದ್ದು ಆ ಭಾಷಾ ಕಡತವೇ! ಕಟ್ಟಾ ಮುಕ್ತವಾದಿ ಇದನ್ನು ತೆಗೆಯಿರಿ ಎಂದಾನು. ತ್ರಿಭುಜದ ಮೂಲೆಯನ್ನು ಎಳೆದಾಗ ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಕಂಡ ಮಗುವಿನ ಮುಂದೆ ನಾನು ಆ ಮಾತು ಆಡಲಾರೆ. ತರಬೇತಿಯಲ್ಲಿ ಷರತ್ತನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು.

ವಚನಗಳ ವಿಷಯಕ್ಕೆ ಬಂದರೆ, ಫ.ಗು. ಹಳಕಟ್ಟಿ ವಚನಗಳ ಪ್ರಕಟಣೆಗಾಗಿ ವಿಜಯಪುರದಲ್ಲಿ ಮನೆ ಮಾರಿ ಮುದ್ರಣಾಲಯ ನಡೆಸಿದ ಸಾಹಸದ ಮುಂದುವರಿಕೆಯೆಂಬಂತೆ, ಓಂಶಿವಪ್ರಕಾಶ್ ಮತ್ತು ಗೆಳೆಯರ ‘ವಚನ ಸಂಚಯ’ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಹುಡುಕಲು ಸಿಗುವಂತೆ ಮಾಡಿತು. ಹಳೆಯ ಪುಸ್ತಕಗಳನ್ನು ಗಣಕಕ್ಕೇರಿಸುವ ಕನ್ನಡ ವಿಕಿಸೋರ್ಸ್‌ನಲ್ಲಿ ನಮ್ಮ ಪ್ರಶ್ನೆ ಮತ್ತೆ ಎದುರಾಗುತ್ತದೆ. ಪುಟದ ಚಿತ್ರದಿಂದ ಅಕ್ಷರ ಎತ್ತಲು ವಿಕಿಮೀಡಿಯದ ಸಾಧನವೇ ಮುಕ್ತವಾದ ಟೆಸೆರ‍್ಯಾಕ್ಟನ್ನೂ ಸ್ವಾಮ್ಯದ ಗೂಗಲ್ ಎಂಜಿನ್ನನ್ನೂ ಪಕ್ಕಪಕ್ಕದಲ್ಲಿ ಇಟ್ಟಿದೆ. ಒತ್ತಕ್ಷರ ತಿದ್ದಿ ತಿದ್ದಿ ಸಾಕಾದವರು ಯಾವುದು ಕಡಿಮೆ ತಪ್ಪು ಮಾಡುತ್ತದೋ ಅದನ್ನೇ ಒತ್ತುತ್ತಾರೆ. ಇದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ಎರಡರ ಹೆಸರೂ ಎದುರಿಗಿದೆ, ಹೊರಬಂದ ಪಠ್ಯ ಯಾರ ಬೀಗಕ್ಕೂ ಸಿಗುವುದಿಲ್ಲ.

ಉಳಿದದ್ದು ಅಚ್ಚಿನ ಲೋಕ. ಪೇಜ್‌ಮೇಕರನ್ನು ಅಡೋಬಿ 7ನೇ ಆವೃತ್ತಿಗೇ ನಿಲ್ಲಿಸಿ ಎರಡು ದಶಕ ದಾಟಿತು. ನಮ್ಮಲ್ಲಿ ಅನೇಕ ಅಂಗಡಿಗಳು ಅದರಲ್ಲೇ ಲಗ್ನಪತ್ರಿಕೆ, ಬ್ಯಾನರು ಮಾಡಿಕೊಂಡು ಬಂದವು. ಮುಕ್ತ ಬದಲಿಯಾದ ಸ್ಕ್ರೈಬಸ್‌ಗೆ ಕನ್ನಡದ ಒತ್ತಕ್ಷರ ಕೂಡಿಸುವ ಶಕ್ತಿ ಬಹುಕಾಲ ಇರಲಿಲ್ಲ. ಅದು ಪ್ರಯೋಗದ ಆವೃತ್ತಿಗೆ 2017ರಲ್ಲಿ ಬಂತು, ಸ್ಥಿರ ಆವೃತ್ತಿಯಾದ 1.6 ಹೊರಬಿದ್ದದ್ದು 2024ರ ಜನವರಿಯಲ್ಲಿ. ಅಲ್ಲಿಯವರೆಗೆ ಅಚ್ಚಿನವರಿಗೆ ಮುಕ್ತ ತಂತ್ರಾಂಶದ ಉಪದೇಶ ಮಾಡುವುದೆಂದರೆ ಅಂಗಡಿ ಮುಚ್ಚಿರಿ ಎಂದಂತೆಯೇ ಇತ್ತು. ಈಗ ಸ್ಕ್ರೈಬಸ್ ಹಳೆಯ ಪೇಜ್‌ಮೇಕರ್ ಫೈಲುಗಳನ್ನೂ ತೆರೆಯಲು ನೋಡುತ್ತದೆ. ತೆರೆದರೆ ಒಳಗಿರುವುದು ಮತ್ತೆ ಪೌಂಡ್ ಚಿಹ್ನೆ, ಗೀರಿನ ಎ. ಅವನ್ನು ಕನ್ನಡವಾಗಿಸುವ ಪರಿವರ್ತಕವನ್ನು ಅರವಿಂದ ಅವರೇ ಮುಕ್ತವಾಗಿ ಬರೆದಿಟ್ಟಿದ್ದಾರೆ. ಆ ಹಳೆಯ ಅಕ್ಷರ ಸಂಕೇತವನ್ನು ಊರೂರಿಗೆ ಹರಡಿದ ಸರ್ಕಾರವೇ ಈ ಪರಿವರ್ತನೆಯ ಖರ್ಚನ್ನೂ ಹೊರಬೇಕು, ಅದಕ್ಕಾಗಿ ಮಾಡಿಸುವ ಸಲಕರಣೆಯ ಆಕರ ಸಂಕೇತವನ್ನು ಮೊದಲ ದಿನದಿಂದಲೇ ಎಲ್ಲರ ಕೈಗೆ ಕೊಡಬೇಕು.