ಡಬ್ಬದ ಮೇಲಿನ ಎರಡು ಅಕ್ಷರ: ಕೀಲೆಣ್ಣೆಯಿಂದ ಬಿಎಸ್-6ವರೆಗೆ ಒಂದು ಎಣ್ಣೆ ಕಥೆ

ಎಣ್ಣೆ ಅಂತ ಟೈಟಲ್ ನೋಡಿ ನಗ್ತಾ ಪ್ಲೇ ಒತ್ತಿದವರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಆ ಎಣ್ಣೆ ಅಲ್ಲ. ಇವತ್ತಿನ ಕಥೆ ಎಂಜಿನ್ ಆಯಿಲ್‌ದು. ಶುರುವಾಗೋದು ನಮ್ಮ ಮಾವನ ಪಿಕಪ್ ಗಾಡಿಯಿಂದ.

ಮಾವ ಮಳವಳ್ಳಿ ಕಡೆಯವರು. ತೋಟ ತೋಟ ಸುತ್ತಿ ಎಳನೀರು ತುಂಬಿಕೊಂಡು ಮದ್ದೂರು ಮಾರ್ಕೆಟ್ಟಿಗೆ ಹಾಕೋದು ಅವರ ಕೆಲಸ. ಹಳೇ ಗಾಡಿಯನ್ನ ಹನ್ನೆರಡು ವರ್ಷ ಓಡಿಸಿ, 2021ರಲ್ಲಿ ಸಾಲ ಮಾಡಿ ಹೊಸ ಡೀಸೆಲ್ ಪಿಕಪ್ ತಗೊಂಡ್ರು. ಫ್ರೀ ಸರ್ವಿಸ್ ಮುಗಿದ ಮೇಲೆ ಆಯಿಲ್ ಬದಲಾಯಿಸೋದು ಅವರದೇ ಉಸ್ತುವಾರಿ. ಹಳೇ ಗಾಡಿಗೆ ಹಾಕ್ತಿದ್ದ 15ಡಬ್ಲ್ಯು-40 ಆಯಿಲನ್ನೇ ಇದಕ್ಕೂ ಹಾಕಿದ್ರು. ಹೊಸ ಗಾಡಿಯ ಪುಸ್ತಕದಲ್ಲೂ 15ಡಬ್ಲ್ಯು-40 ಅಂತಲೇ ಇತ್ತು. "ಎಣ್ಣೆ ಎಣ್ಣೆನೇ ಕಣ್ಲಾ, ನಂಬರ್ ಒಂದೇ ಐತಲ್ಲ" ಅಂದ್ರು. ನಾನೂ ಬಿ.ಕಾಂ ಮಾಡಿದವನು, ನಂಬರ್ ಸರಿ ಇದ್ರೆ ಲೆಕ್ಕ ಸರಿ ಅಂದುಕೊಂಡೆ.

ಮೂರನೇ ಸಲ ಆಯಿಲ್ ಹಾಕಿಸಿದ ಮೇಲೆ ಡ್ಯಾಶ್‌ಬೋರ್ಡಲ್ಲಿ ಹಳದಿ ಲೈಟ್ ಬಂತು. ಆಮೇಲೆ ಲೋಡ್ ಹಾಕಿದ್ರೆ ಗಾಡಿ ಎಳೀತಾನೇ ಇಲ್ಲ. ಮಂಡ್ಯದ ಗ್ಯಾರೇಜಲ್ಲಿ ಬಿಚ್ಚಿ ನೋಡಿದ್ರೆ ಸೈಲೆನ್ಸರ್ ಲೈನಲ್ಲಿರೋ ಡಿಪಿಎಫ್ ಅನ್ನೋ ಫಿಲ್ಟರ್ ಕಟ್ಟಿಕೊಂಡಿತ್ತು. ಬಿಲ್ 48,000 ರೂಪಾಯಿ. ಆ ಕಡೆ ಇಎಂಐ ಕಟ್ಟಬೇಕು, ಈ ಕಡೆ ಗಾಡಿ ನಿಂತಿದೆ. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಂಬರ್ ಒಂದೇ ಆದ್ರೂ ಎಣ್ಣೆ ಹೇಗೆ ಬೇರೆ ಆಯ್ತು? ಉತ್ತರ ಇತಿಹಾಸದಲ್ಲಿದೆ.

ನಮ್ಮ ತಾತ ಎತ್ತಿನ ಗಾಡಿಯಲ್ಲಿ ಮಂಡ್ಯದ ಮೈಷುಗರ್‌ಗೆ ಕಬ್ಬು ಹೊಡೀತಿದ್ರು. ಅದು 1933ರಲ್ಲಿ ಸ್ಥಾಪನೆಯಾದ ಕಾರ್ಖಾನೆ. ಗಾಡಿ ಕೆಳಗೆ ಒಂದು ಬಿದಿರಿನ ಗೊಟ್ಟ ನೇತಾಡ್ತಿತ್ತಂತೆ. ಅದರಲ್ಲಿ ಕೀಲೆಣ್ಣೆ, ಅಂದ್ರೆ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ್ದು. ಗಾಡಿಗೆ ಬೇಕಾಗಿದ್ದು ಒಂದೇ: ಅಚ್ಚು ಸವೀಬಾರದು, ಚಕ್ರ ಕಿರ್ ಅನ್ನಬಾರದು.

ಮಜಾ ಏನಂದ್ರೆ ಎಂಜಿನ್ ಆಯಿಲ್ ಕಥೆಯಲ್ಲೂ ಹರಳೆಣ್ಣೆ ಇದೆ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿದ್ದೇ ಕ್ಯಾಸ್ಟರ್ ಆಯಿಲ್‌ನಿಂದ, ಅಂದ್ರೆ ನಮ್ಮ ಹರಳೆಣ್ಣೆಯಿಂದ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್‌ಗೂ ಹರಳೆಣ್ಣೆ ಹಾಕ್ತಿದ್ರು.

ಡೀಸೆಲ್ ಎಂಜಿನ್ ಬಂದಾಗ ಆಟ ಬದಲಾಯ್ತು. ಡೀಸೆಲ್ ಉರಿದಾಗ ಮಸಿ ಬರುತ್ತೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್‌ಗಳು ಕೊಳಕು ಕಟ್ಟಿ ಅಂಟಿಕೊಳ್ತಿದ್ವು. ಅದಕ್ಕೆ ಪರಿಹಾರವಾಗಿ ಆಯಿಲ್ ಒಳಗೇ ಸೋಪಿನ ಥರ ಕೆಲಸ ಮಾಡೋ ಡಿಟರ್ಜೆಂಟ್ ಸೇರಿಸಿದ್ರು. ಇವತ್ತೂ ಡೀಸೆಲ್ ಗಾಡಿ ಆಯಿಲ್ ಬೇಗ ಕಪ್ಪಾದ್ರೆ ಕೆಟ್ಟೋಯ್ತು ಅಂತ ಬೈಕೋಬೇಡಿ. ಅದು ಮಸಿ ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ತಿದೆ ಅಂತ ಅರ್ಥ.

ಎರಡನೇ ಶತ್ರು ಗಂಧಕ. ಡೀಸೆಲ್‌ನಲ್ಲಿರೋ ಗಂಧಕ ಉರಿದು, ನೀರಿನ ಆವಿ ಜೊತೆ ಸೇರಿ ಆಮ್ಲ ಆಗುತ್ತೆ. ಆಮ್ಲ ಲೋಹವನ್ನ ತಿನ್ನುತ್ತೆ. ಹಾಗಾಗಿ ಆಯಿಲ್‌ಗೆ ಆಮ್ಲ ಮುರಿಯೋ ಕ್ಯಾಲ್ಸಿಯಂ ಥರದ ಅಂಶಗಳನ್ನ ಜಾಸ್ತಿ ಹಾಕ್ತಾ ಬಂದ್ರು. ಗಂಧಕ ಜಾಸ್ತಿ ಇದ್ದ ಕಾಲಕ್ಕೆ ಅದೇ ಸರಿಯಾದ ಎಣ್ಣೆ. ಆದ್ರೆ ಈ ಲೋಹದ ಅಂಶ ಉರಿದಾಗ ಹಿಂದೆ ಬೂದಿ ಉಳಿಯುತ್ತೆ. ಆಗ ಅದನ್ನ ಯಾರೂ ಕೇಳಲಿಲ್ಲ, ಸೈಲೆನ್ಸರ್‌ನಿಂದ ಆಚೆ ಹೋಗ್ತಿತ್ತು.

ನಮ್ಮ ದೇಶದ ಡೀಸೆಲ್ ಹೇಗೆ ಬದಲಾಯ್ತು ನೋಡಿ. ಬಿಎಸ್-2 ಡೀಸೆಲ್‌ನಲ್ಲಿ 10 ಲಕ್ಷ ಭಾಗಕ್ಕೆ 500 ಭಾಗದವರೆಗೆ ಗಂಧಕ ಇರಬಹುದಿತ್ತು. ಬಿಎಸ್-3ರಲ್ಲಿ 350. ದೇಶಕ್ಕೆಲ್ಲ 2017ರ ಏಪ್ರಿಲ್ 1ಕ್ಕೆ ಬಂದ ಬಿಎಸ್-4ರಲ್ಲಿ 50. ಆಮೇಲೆ ಬಿಎಸ್-5 ಹಾರಿಸಿ 2020ರ ಏಪ್ರಿಲ್ 1ಕ್ಕೆ ನೇರ ಬಿಎಸ್-6. ಗಂಧಕ ಬರೀ 10.

ಆ ತಾರೀಖು ನೆನಪು ಮಾಡ್ಕೊಳ್ಳಿ. ಲಾಕ್‌ಡೌನ್ ಶುರುವಾಗಿ ಒಂದು ವಾರ. ನಾವೆಲ್ಲ ಮನೇಲಿ ಕೂತು ಮೊಬೈಲ್ ನೋಡ್ತಿದ್ವಿ, ಬಂಕ್‌ಗಳು ಖಾಲಿ ಹೊಡೀತಿದ್ವು. ಡೀಸೆಲ್ ಗಾಡಿಗಳ ಚರಿತ್ರೆಯಲ್ಲೇ ದೊಡ್ಡ ಬದಲಾವಣೆ ಯಾರ ಗಮನಕ್ಕೂ ಬರದೆ ನಡೆದುಹೋಯ್ತು.

ಬಿಎಸ್-6 ಜೊತೆ ಡೀಸೆಲ್ ಗಾಡಿಗಳಿಗೆ ಡಿಪಿಎಫ್ ಬಂತು. ಇದು ಹೊಗೆಯಲ್ಲಿರೋ ಮಸಿ ಹಿಡಿಯೋ ಜರಡಿ. ತುಂಬಿದಾಗ ಗಾಡಿ ತಾನೇ ಬಿಸಿ ಏರಿಸಿ ಮಸಿಯನ್ನ ಸುಟ್ಟು ಹಾಕುತ್ತೆ. ಮಸಿ ಸುಡುತ್ತೆ, ಬೂದಿ ಸುಡಲ್ಲ! ಆಯಿಲ್‌ನಿಂದ ಬಂದ ಬೂದಿ ಜರಡಿಯಲ್ಲೇ ಕೂರುತ್ತೆ. ಒಲೆ ಉರಿಸಿ ಬೂದಿ ಬಾಚದೇ ಇದ್ದ ಹಾಗೆ.

ಅದಕ್ಕೇ ಎಣ್ಣೆಯ ಅಕ್ಷರ ಬದಲಾಯ್ತು. ಡಬ್ಬದ ಹಿಂದೆ ಎಪಿಐ ಅಂತ ಬರೆದು ಪಕ್ಕದಲ್ಲಿ ಸಿಎಚ್-4, ಸಿಐ-4, ಸಿಕೆ-4 ಅಂತ ಇರುತ್ತೆ. ಎಪಿಐ ಅಂದ್ರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಅಕ್ಷರ ಮುಂದೆ ಹೋದಷ್ಟೂ ಎಣ್ಣೆ ಹೊಸ ಕಾಲದ್ದು: ಸಿಎಚ್-4 1998ರದ್ದು, ಸಿಐ-4 2002, ಸಿಜೆ-4 2006, ಸಿಕೆ-4 2016. ಸಿಜೆ-4 ಮತ್ತು ಸಿಕೆ-4ರಲ್ಲಿ ಬೂದಿ ಶೇ. 1 ದಾಟಬಾರದು. ಅದಕ್ಕಿಂತ ಹಳೇ ಸಿಎಚ್-4, ಸಿಐ-4ಗೆ ಈ ಮಿತಿಯೇ ಇಲ್ಲ. ಡೀಸೆಲ್ ಕಾರುಗಳಿಗೆ ಹೆಚ್ಚಾಗಿ ಯುರೋಪಿನ ಎಸಿಇಎ ಗುರುತು ನೋಡ್ತಾರೆ. ಅದರ ಸಿ3 ದರ್ಜೆಯಲ್ಲಿ ಬೂದಿ ಮಿತಿ ಇನ್ನೂ ಕಡಿಮೆ, ಶೇ. 0.8.

15ಡಬ್ಲ್ಯು-40 ಅನ್ನೋದು ಎಣ್ಣೆ ಎಷ್ಟು ಗಟ್ಟಿ, ಎಷ್ಟು ತೆಳು ಅಂತ ಮಾತ್ರ ಹೇಳುತ್ತೆ. ಡಬ್ಲ್ಯು ಅಂದ್ರೆ ವಿಂಟರ್: ಚಳಿಯಲ್ಲಿ ಹೇಗೆ ಹರಿಯುತ್ತೆ ಅನ್ನೋದು. 40 ಅಂದ್ರೆ ಬಿಸಿಯಾದಾಗಿನ ದಪ್ಪ. ಒಳಗೆ ಎಷ್ಟು ಬೂದಿ ಇದೆ ಅನ್ನೋದು ಅದರಲ್ಲಿ ಇಲ್ಲ. ಮಾವ ಹಾಕಿದ್ದು ಸಿಎಚ್-4, ಪುಸ್ತಕದಲ್ಲಿದ್ದದ್ದು ಸಿಕೆ-4. ನಂಬರ್ ನೋಡಿದ್ವಿ, ಅಕ್ಷರ ನೋಡಲಿಲ್ಲ.

ಹಾಗಂತ ಪೂರ್ತಿ ತಪ್ಪು ಎಣ್ಣೆದೇ ಅಲ್ಲ. ಒಂದು ತೋಟಕ್ಕೆ 2 ಕಿಲೋಮೀಟರ್, ಆಫ್. ಇನ್ನೊಂದಕ್ಕೆ 3 ಕಿಲೋಮೀಟರ್, ಮತ್ತೆ ಆಫ್. ಮಸಿ ಸುಡೋಕೆ ಬೇಕಾದಷ್ಟು ಬಿಸಿ ಏರೋದೇ ಇಲ್ಲ. ಸುಡೋ ಕೆಲಸ ಅರ್ಧಕ್ಕೆ ನಿಂತಾಗೆಲ್ಲ ಒಂದಿಷ್ಟು ಡೀಸೆಲ್ ಇಳಿದು ಆಯಿಲ್ ಜೊತೆ ಸೇರುತ್ತೆ. "ಈ ಗಾಡಿ ಎಣ್ಣೆ ಕುಡಿಯಾಕಿಲ್ಲ ಕಣ್ಲಾ, ಕಡ್ಡಿ ಅದ್ದಿದ್ರೆ ಇನ್ನೂ ಮೇಲಕ್ಕೇ ಐತೆ" ಅಂತ ಮಾವ ಖುಷಿಪಟ್ಟಿದ್ರು. ಅದು ಖುಷಿಪಡೋ ವಿಷಯ ಅಲ್ಲ. ಆಯಿಲ್ ಮಟ್ಟ ತಾನಾಗೇ ಏರ್ತಿದ್ರೆ ತಕ್ಷಣ ಗ್ಯಾರೇಜಿಗೆ ಹೋಗಬೇಕು.

ಈಗ ನಿಮ್ಮ ಕೆಲಸ. ಮನೇಲಿ ಡೀಸೆಲ್ ಗಾಡಿ ಇದ್ರೆ, ಅಪ್ಪಂದೋ ಅಣ್ಣಂದೋ ಇರಲಿ, ಪುಸ್ತಕ ತೆಗೆದು ಆಯಿಲ್ ಪುಟದ ಫೋಟೋ ಹೊಡ್ಕೊಳ್ಳಿ. ಅಂಗಡಿಯಲ್ಲಿ ಬ್ರ್ಯಾಂಡ್ ಕೇಳೋ ಮೊದಲು ಮೂರು ಹೊಂದಿಸಿ: ನಂಬರ್, ಅಕ್ಷರ, ಗಾಡಿ ಕಂಪನಿಯದ್ದೇ ಕೋಡ್ ಇದ್ರೆ ಅದೂ. ಎಪಿಐನ ಸಿ ಬೇರೆ, ಎಸಿಇಎಯ ಸಿ ಬೇರೆ, ಕಲಸಿಕೊಳ್ಳಬೇಡಿ. ಬಿಲ್ ಕೇಳಿ, ಸೀಲ್ ನೋಡಿ, ಖಾಲಿ ಡಬ್ಬ ಕತ್ತರಿಸಿ ಹಾಕಿ, ಇಲ್ಲಾಂದ್ರೆ ಅದರಲ್ಲೇ ನಕಲಿ ಎಣ್ಣೆ ತುಂಬೋರಿದ್ದಾರೆ. ಹಳೇ ಗಾಡಿಯವರು ಗಾಬರಿ ಆಗಬೇಡಿ. ನಿಮ್ಮ ಪುಸ್ತಕದಲ್ಲಿ ಸಿಎಚ್-4, ಸಿಐ-4 ಅಂತಿದ್ರೆ ಅದೇ ನಿಮಗೆ ಸರಿ. ಡಿಪಿಎಫ್ ಇಲ್ಲದ ಗಾಡಿಗೆ ಬೂದಿಯ ತಲೆನೋವಿಲ್ಲ.

ಕೊನೆಗೆ ನನ್ನ ಬಿ.ಕಾಂ ಲೆಕ್ಕ. ಹಳೇ ಎಣ್ಣೆ ಹಾಕಿ ಒಂದು ಸಲಕ್ಕೆ ಉಳಿದದ್ದು ಸುಮಾರು 600 ರೂಪಾಯಿ. ಮೂರು ಸಲಕ್ಕೆ 1,800. ಖರ್ಚಾಗಿದ್ದು 48,000. ತಾತನ ಗೊಟ್ಟದಲ್ಲಿ ಒಂದೇ ಎಣ್ಣೆ ಇತ್ತು, ಅವರ ಗಾಡಿಗೆ ಅದು ಸಾಕಾಗಿತ್ತು. ಮಾವ ಈಗ ಅಂಗಡಿಗೆ ಹೋದ್ರೆ ಕನ್ನಡಕ ಹಾಕ್ಕೊಂಡು ಡಬ್ಬ ತಿರುಗಿಸಿ ಹಿಂದೆ ಓದ್ತಾರೆ. ಅಂಗಡಿಯವರು "ಏನಣ್ಣಾ, ಓದ್ತಾ ನಿಂತ್ಬುಟ್ರಿ" ಅಂದ್ರೆ, "ಓದ್ದೇ ಇದ್ದಿದ್ಕೆ ಒಂದ್ಸಲ ಫೀಸ್ ಕಟ್ಟಿವ್ನಿ ಕಣಪ್ಪ" ಅಂತಾರೆ.

ಮುಂದಿನ ಎಪಿಸೋಡಲ್ಲಿ ಸಿಗೋಣ. ನಮಸ್ಕಾರ.